ಚಾರಣಕ್ಕೆ ಕೈ ಜಿಪಿಎಸ್, ಕಂಪ್ಯೂಟರಿನಲ್ಲಿ ನಕ್ಷೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೊಸದಾಗಿ ಗಾರ್ಮಿನ್ ಇಟ್ರೆಕ್ಸ್ ಕೈ ಜಿಪಿಎಸ್ ಕೊಂಡಿದ್ದೇನೆ. ಕಂಪ್ಯೂಟರಿನ ಬೇಸ್‌ಕ್ಯಾಂಪ್ ತಂತ್ರಾಂಶದಲ್ಲಿ ಮುಳ್ಳೋಡಿಯಿಂದ ಕುದುರೆಮುಖ ಶಿಖರದವರೆಗೆ ದಾರಿಯನ್ನು ಗುರುತಿಸಿ ಸಾಧನಕ್ಕೆ ಕಳುಹಿಸಿದರೆ, ಅದು ಕಾಲುದಾರಿಯನ್ನು ಬಿಟ್ಟು ಡಾಂಬರು ರಸ್ತೆಯಲ್ಲಿ ಸುತ್ತುಬಳಸಿ ಹೋಗಲು ಹೇಳುತ್ತದೆ. ಎಲ್ಲಿ ತಪ್ಪಿದೆ?
- ಓದುಗರು, ಕಾರ್ಕಳ

ಉತ್ತರ: ಸಾಧನದಲ್ಲಿ ದೋಷವಿಲ್ಲ. ನೀವು ಕಳುಹಿಸಿದ್ದು ರೂಟ್, ನಿಮಗೆ ಬೇಕಾಗಿದ್ದದ್ದು ಟ್ರ್ಯಾಕ್. ಜಿಪಿಎಸ್ ಮಾಹಿತಿಯನ್ನು ಇಡುವ ಜಿಪಿಎಕ್ಸ್ ಕಡತದಲ್ಲಿ ಇವೆರಡೂ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ರೂಟ್ ಎಂದರೆ ದೂರದೂರದ ಕೆಲವು ಬಿಂದುಗಳ ಸಾಲು. ಒಂದು ಬಿಂದುವಿನಿಂದ ಮುಂದಿನದಕ್ಕೆ ಹೇಗೆ ತಲುಪಬೇಕೆಂಬುದನ್ನು ಸಾಧನವು ತನ್ನೊಳಗಿನ ನಕ್ಷೆಯನ್ನು ನೋಡಿಕೊಂಡು ತಾನೇ ಲೆಕ್ಕ ಹಾಕುತ್ತದೆ, ಮತ್ತು ಸಂಚಾರದ ಆಯ್ಕೆ ಕಾರಿನದ್ದಾಗಿದ್ದರೆ ಮೋಟಾರು ರಸ್ತೆಯನ್ನೇ ಹುಡುಕುತ್ತದೆ. ಟ್ರ್ಯಾಕ್‌ನಲ್ಲಿ ಬಿಂದುಗಳು ಒತ್ತೊತ್ತಾಗಿರುತ್ತವೆ. ಸಾಧನವು ಅವುಗಳನ್ನು ಇದ್ದಂತೆಯೇ ಗೆರೆಯಾಗಿ ತೋರಿಸುತ್ತದೆಯೇ ಹೊರತು ಲೆಕ್ಕವನ್ನು ಮತ್ತೆ ಮಾಡುವುದಿಲ್ಲ. ಪಶ್ಚಿಮ ಘಟ್ಟದ ಚಾರಣಕ್ಕೆ ಟ್ರ್ಯಾಕ್ ಒಂದೇ ಸಾಕು ಎಂಬುದು ನನ್ನ ದೃಢ ಅಭಿಪ್ರಾಯ.

ಬೇಸ್‌ಕ್ಯಾಂಪ್‌ನಲ್ಲಿ ಸಂಚಾರದ ಆಯ್ಕೆಯನ್ನು ಡೈರೆಕ್ಟ್ (ಬಿಂದುಗಳನ್ನು ನೇರ ಗೆರೆಯಿಂದ ಜೋಡಿಸುವುದು) ಎಂದು ಬದಲಿಸಿಕೊಂಡು ದಾರಿಯನ್ನು ಮತ್ತೊಮ್ಮೆ ಗುರುತಿಸಿ, ಆ ರೂಟ್‌ನಿಂದ ಟ್ರ್ಯಾಕ್ ರಚಿಸುವ ಆಜ್ಞೆಯನ್ನು ಕೊಟ್ಟು, ಹಾಗೆ ಸಿದ್ಧವಾದ ಟ್ರ್ಯಾಕನ್ನು ಮಾತ್ರ ಸಾಧನಕ್ಕೆ ಕಳುಹಿಸಿ. ಆದರೆ ಇಲ್ಲಿ ಇನ್ನೂ ಮುಖ್ಯವಾದ ಸಂಗತಿಯೊಂದಿದೆ: ಮೌಸಿನಿಂದ ಎಳೆದ ಗೆರೆ ನಿಮ್ಮ ಊಹೆಯಷ್ಟೇ. ಉಪಗ್ರಹ ಚಿತ್ರದಲ್ಲಿ ಹುಲ್ಲುಗಾವಲಿನ ಮೇಲಿನ ಕಾಲುದಾರಿ ಸ್ಪಷ್ಟವಾಗಿ ಕಂಡರೂ ಕಣಿವೆಗಳಲ್ಲಿರುವ ದಟ್ಟ ಶೋಲಾ ಕಾಡಿನೊಳಗೆ ಹೊಕ್ಕ ಕೂಡಲೇ ಮಾಯವಾಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿರುವ ಕಾಲುದಾರಿಯೂ ಯಾರೋ ಸ್ವಯಂಸೇವಕರು ನಡೆದು ಅಥವಾ ಚಿತ್ರ ನೋಡಿ ಗುರುತಿಸಿದ್ದು. ಆದ್ದರಿಂದ ಮೊದಲು ಅದೇ ದಾರಿಯಲ್ಲಿ ನಡೆದವರು ದಾಖಲಿಸಿದ ಟ್ರ್ಯಾಕ್ ಇದೆಯೇ ಎಂದು ವಿಚಾರಿಸಿ, ಸಿಕ್ಕರೆ ಅದನ್ನು ನಿಮ್ಮ ಗೆರೆಯ ಮೇಲಿಟ್ಟು ಹೋಲಿಸಿ ನೋಡಿ. ನೀವು ಎಳೆದ ಗೆರೆಯ ಉದ್ದ ಯಾವಾಗಲೂ ಕಡಿಮೆಯೇ ಬರುತ್ತದೆ, ಏಕೆಂದರೆ ಏರುದಾರಿಯ ಸಣ್ಣ ಸಣ್ಣ ತಿರುವುಗಳನ್ನು ಕೈ ನೇರವಾಗಿ ಕತ್ತರಿಸಿಕೊಂಡು ಹೋಗಿರುತ್ತದೆ. ಒಂಟಿಮರ, ಹಳ್ಳ ದಾಟುವ ಜಾಗಗಳು, ದಾರಿ ಕವಲೊಡೆಯುವ ತಾಣಗಳು ಇವುಗಳನ್ನು ಹೆಸರಿಟ್ಟು ಗುರುತಿಸಿದ ಬಿಂದುಗಳಾಗಿ, ಅಂದರೆ ಪ್ರತ್ಯೇಕ ವೇಪಾಯಿಂಟ್‌ಗಳಾಗಿ ಸೇರಿಸಿಕೊಳ್ಳಿ. ಮಂಜು ಕವಿದಾಗ ಇಡೀ ಗೆರೆಗಿಂತ ಇವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ ಎಂಬುದೂ ನೆನಪಿರಲಿ. ನಿಮ್ಮ ಟ್ರ್ಯಾಕ್ ಅನುಮತಿ ಪಡೆದ ದಾರಿಯಲ್ಲೇ ಇರಬೇಕು.

ಪ್ರಶ್ನೆ: ಗೆಳೆಯರೊಬ್ಬರು ಒಂದು ಜಲಪಾತದ ಅಕ್ಷಾಂಶ, ರೇಖಾಂಶಗಳನ್ನು ಫೋನಿನಲ್ಲಿ ಓದಿ ಹೇಳಿದರು. ಅದನ್ನು ನಮೂದಿಸಿಕೊಂಡು ಹೋದರೆ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರದ ಜಾಗಕ್ಕೆ ತಲುಪಿದೆವು. ಜಿಪಿಎಸ್ ಇಷ್ಟು ತಪ್ಪು ತೋರಿಸುವುದುಂಟೇ?
- ಓದುಗರು, ಮಣಿಪಾಲ

ಉತ್ತರ: ತೆರೆದ ಆಕಾಶದಡಿ ಕೈ ಜಿಪಿಎಸ್‌ನ ತಪ್ಪು ಸಾಮಾನ್ಯವಾಗಿ ಕೆಲವೇ ಮೀಟರ್. ದಟ್ಟ ಕಾಡಿನಲ್ಲಿ, ಕಣಿವೆಯಲ್ಲಿ ಅದು ಹೆಚ್ಚಬಹುದು, ಆದರೆ ಅರ್ಧ ಕಿಲೋಮೀಟರಿನಷ್ಟು ತಪ್ಪಿದರೆ ಅಂಕಿಗಳನ್ನು ಬರೆದುಕೊಂಡ ಕ್ರಮವನ್ನೇ ಮೊದಲು ಪರೀಕ್ಷಿಸಬೇಕು. ಗಾರ್ಮಿನ್ ಸಾಧನಗಳು ಹೊಸದರಲ್ಲಿ ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿ ತೋರಿಸುತ್ತವೆ. 13 ಡಿಗ್ರಿ 20.50 ನಿಮಿಷ ಎಂಬುದರ ಅರ್ಥ 13 ಡಿಗ್ರಿ, 20 ನಿಮಿಷ, 30 ಸೆಕೆಂಡ್. ಅದನ್ನೇ 20 ನಿಮಿಷ 50 ಸೆಕೆಂಡ್ ಎಂದು ಕೇಳಿಸಿಕೊಂಡು ಬರೆದರೆ ಅಕ್ಷಾಂಶದಲ್ಲಿ 20 ಸೆಕೆಂಡುಗಳ ವ್ಯತ್ಯಾಸವಾಯಿತು. ಒಂದು ಸೆಕೆಂಡಿಗೆ ಸುಮಾರು 31 ಮೀಟರಿನಂತೆ ನೀವು 600 ಮೀಟರಿಗೂ ಹೆಚ್ಚು ಉತ್ತರಕ್ಕೆ ಹೋಗಿಬಿಟ್ಟಿರಿ. ನಿಮ್ಮ ವಿಷಯದಲ್ಲಿ ಆಗಿರುವುದು ಬಹುಶಃ ಇದೇ. ಅಂಕಿಗಳನ್ನು ಬಾಯಿಮಾತಿನಲ್ಲಿ ಪಡೆಯದೆ ಜಿಪಿಎಕ್ಸ್ ಕಡತವನ್ನೇ ವಾಟ್ಸಾಪಿನಲ್ಲಿ ತರಿಸಿಕೊಂಡರೆ ಈ ತೊಂದರೆ ಬರುವುದೇ ಇಲ್ಲ.

ಹಳೆಯ ಸರ್ವೆ ಆಫ್ ಇಂಡಿಯಾ ನಕ್ಷೆಗಳಿಂದ ಅಂಕಿ ತೆಗೆಯುವವರಿಗೂ ಒಂದು ಮಾತು. ಅವು ಎವರೆಸ್ಟ್ ದೀರ್ಘವೃತ್ತಾಭವನ್ನು (ಭೂಮಿಯ ಆಕಾರಕ್ಕೆ ಲೆಕ್ಕದಲ್ಲಿ ಬಳಸುವ ಒಂದು ಮಾದರಿ) ಆಧರಿಸಿದವು, ಜಿಪಿಎಸ್ ನಡೆಯುವುದು ಡಬ್ಲ್ಯುಜಿಎಸ್ 84 ಎಂಬ ಬೇರೊಂದು ಮಾದರಿಯ ಮೇಲೆ. ನಮ್ಮ ಕರಾವಳಿಯಲ್ಲಿ ಇವೆರಡರ ನಡುವೆ ನೂರು ಮೀಟರಿಗೂ ಹೆಚ್ಚು ಪಲ್ಲಟವಾಗುತ್ತದೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಬಂದ ಓಪನ್ ಸೀರೀಸ್ ನಕ್ಷೆಗಳು ಡಬ್ಲ್ಯುಜಿಎಸ್ 84ರಲ್ಲೇ ಇರುವುದರಿಂದ ಅವನ್ನು ಬಳಸುವುದು ಕ್ಷೇಮ.

ಪ್ರಶ್ನೆ: ದುಬೈಯಲ್ಲಿರುವ ಅಣ್ಣ ಉಪಗ್ರಹದ ಮೂಲಕ ಸಂದೇಶ ಕಳುಹಿಸಬಲ್ಲ ಜಿಪಿಎಸ್ ಸಾಧನವನ್ನು ತಂದುಕೊಡುತ್ತೇನೆ ಎನ್ನುತ್ತಾನೆ. ತರಿಸಿಕೊಳ್ಳಲೇ?
- ಓದುಗರು, ಸುರತ್ಕಲ್

ಉತ್ತರ: ಬೇಡ. ಸಾಮಾನ್ಯ ಜಿಪಿಎಸ್ ಉಪಗ್ರಹದ ಸಂಕೇತವನ್ನು ಗ್ರಹಿಸುತ್ತದೆ ಅಷ್ಟೆ. ನೀವು ಹೇಳುವ ಸಾಧನ ಉಪಗ್ರಹಕ್ಕೆ ಸಂಕೇತವನ್ನು ಕಳುಹಿಸುತ್ತದೆ, ಮತ್ತು ಭಾರತದಲ್ಲಿ ಸರಕಾರದ ಅನುಮತಿಯಿಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವುದು ಅಪರಾಧ. ಇಂಥ ಸಾಧನಗಳನ್ನು ಹೊಂದಿದ್ದ ಪ್ರವಾಸಿಗರನ್ನು ವಿಮಾನ ನಿಲ್ದಾಣಗಳಲ್ಲಿ ತಡೆದು ವಿಚಾರಣೆಗೆ ಒಳಪಡಿಸಿದ್ದುಂಟು. ಅಣ್ಣನನ್ನು ಆ ತೊಂದರೆಗೆ ಸಿಲುಕಿಸಬೇಡಿ.

ಪ್ರಶ್ನೆ: ಮಲ್ಪೆ ಕಡಲತೀರದಲ್ಲಿ ನಿಂತು ನೋಡಿದರೆ ಫೋನಿನ ಒಂದು ಆಪ್ ಎತ್ತರವನ್ನು ಸೊನ್ನೆಗಿಂತ 80 ಮೀಟರಿಗೂ ಹೆಚ್ಚು ಕೆಳಗೆ ತೋರಿಸುತ್ತದೆ. ಕೈ ಜಿಪಿಎಸ್ ಸೊನ್ನೆಯ ಆಸುಪಾಸಿನಲ್ಲಿದೆ. ಯಾವುದನ್ನು ನಂಬಬೇಕು?
- ಓದುಗರು, ಉಡುಪಿ

ಉತ್ತರ: ಕೈ ಜಿಪಿಎಸ್ ಅನ್ನು. ಉಪಗ್ರಹದ ಲೆಕ್ಕದಿಂದ ನೇರವಾಗಿ ಬರುವ ಎತ್ತರವು ದೀರ್ಘವೃತ್ತಾಭದ ಮೇಲಿನದು, ಸಮುದ್ರಮಟ್ಟದ್ದಲ್ಲ. ಭೂಮಿಯ ಗುರುತ್ವ ಎಲ್ಲೆಡೆ ಒಂದೇ ಸಮನಾಗಿಲ್ಲ. ಅದರಿಂದಾಗಿ ದಕ್ಷಿಣ ಭಾರತ ಮತ್ತು ಹಿಂದೂ ಮಹಾಸಾಗರದ ಈ ಭಾಗದಲ್ಲಿ ಸಮುದ್ರಮಟ್ಟವು ದೀರ್ಘವೃತ್ತಾಭಕ್ಕಿಂತ ಬಹಳ ತಗ್ಗಿನಲ್ಲಿದೆ. ಚಾರಣದ ಜಿಪಿಎಸ್ ಆ ವ್ಯತ್ಯಾಸವನ್ನು ಸರಿಪಡಿಸಿ ತೋರಿಸುತ್ತದೆ, ಕೆಲವು ಆಪ್‌ಗಳು ಹಾಗೆ ಮಾಡುವುದಿಲ್ಲ.

ನಕ್ಷೆಯ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ) ಬಗ್ಗೆ ಇದಕ್ಕಿಂತ ಹೆಚ್ಚು ಎಚ್ಚರಿಕೆ ಬೇಕು. ಉಚಿತವಾಗಿ ಸಿಗುವ ಅನೇಕ ನಕ್ಷೆಗಳಲ್ಲಿ ಈ ರೇಖೆಗಳು ಬರುವುದು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಅಳೆದ ಮಾಹಿತಿಯಿಂದ. ಅದು ಸುಮಾರು 30 ಮೀಟರಿಗೆ ಒಂದು ಅಳತೆ. ದಟ್ಟ ಕಾಡಿದ್ದಲ್ಲಿ ಅದು ಬಹುಪಾಲು ಮರದ ನೆತ್ತಿಯ ಕಡೆಗಿನ ಎತ್ತರ, ನೆಲದ್ದಲ್ಲ. ಹೀಗಾಗಿ ಕೊಡಚಾದ್ರಿಯ ಅಂಚಿನಲ್ಲಾಗಲಿ ಜಮಾಲಾಬಾದಿನ ಗಡಾಯಿಕಲ್ಲಿನಲ್ಲಾಗಲಿ ಕಡಿದಾದ ಬಂಡೆ ನಕ್ಷೆಯಲ್ಲಿ ಹತ್ತಿ ಇಳಿಯಬಹುದಾದ ಇಳಿಜಾರಿನಂತೆ ಕಾಣುತ್ತದೆ. ರೇಖೆಗಳು ಒತ್ತಾಗಿರುವ ಕಡೆ ಎಂದೂ ಅಡ್ಡದಾರಿಯನ್ನು ಯೋಜಿಸಬೇಡಿ.

ನಿಮ್ಮ ಸಾಧನದಲ್ಲಿ ವಾಯುಭಾರ ಮಾಪಕವಿದ್ದರೆ ಹವೆ ಬದಲಾದಂತೆ ಅದರ ಅಂಕಿಯೂ ಸರಿಯುತ್ತದೆ, ಮಳೆಗಾಲದ ಮೊದಲು ಮತ್ತು ಕೊನೆಯಲ್ಲಿ ವಿಶೇಷವಾಗಿ. ಎತ್ತರ ತಿಳಿದಿರುವ ಜಾಗದಲ್ಲಿ, ನಡಿಗೆ ಆರಂಭಿಸುವ ಬೆಳಿಗ್ಗೆಯೇ, ಅದನ್ನು ಸರಿಹೊಂದಿಸಿಕೊಳ್ಳಿ; ರೈಲು ನಿಲ್ದಾಣದ ಹೆಸರಿನ ಫಲಕದ ಮೇಲೆ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತದೆ, ರೈಲಿನಲ್ಲಿ ಹೋಗುವವರು ಅಲ್ಲಿಯೇ ಈ ಕೆಲಸ ಮುಗಿಸಬಹುದು.