ಪ್ರತಿಕ್ರಿಯೆ: ಭಾನುವಾರದ ಆರಾಧನೆಯೊಂದೇ ಸಾಕೇ?

ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿದ್ದು ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನನ್ನು ಕ್ರಿಸ್ತನ ನಿಷ್ಠಾವಂತ ಶಿಷ್ಯನೆನ್ನಬಹುದೇ, ನಡುವೆ ಎಡವಿದರೆ ಆ ಹೆಸರು ಹೋಗುತ್ತದೆಯೇ ಎಂದು ತಾವು ಕೇಳಿದ್ದೀರಿ. ಆರಾಧನೆ ಅಗತ್ಯವೇ; ಆದರೆ ಶಿಷ್ಯತ್ವ ಅಲ್ಲಿಗೇ ಮುಗಿಯುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೈಬಲಿನ ಲೂಕನ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯನನ್ನು ಗಮನಿಸಿ. ಯೆರಿಕೋ ಪಟ್ಟಣದಲ್ಲಿ ಸುಂಕದವರ ಮುಖ್ಯಸ್ಥನಾಗಿದ್ದ ಆ ಗಿಡ್ಡ ಮನುಷ್ಯ, ಜನಸಂದಣಿಯ ಆಚೆಗೆ ಯೇಸುವನ್ನು ನೋಡಲು ಮರ ಹತ್ತಿದ್ದ. ಯೇಸು ಅವನಿಗೆ ಉಪದೇಶ ಮಾಡಲಿಲ್ಲ, ಲೆಕ್ಕ ಕೇಳಲಿಲ್ಲ. ಬೇಗ ಇಳಿದು ಬಾ, ಈ ದಿನ ನಿನ್ನ ಮನೆಯಲ್ಲಿ ಉಳಿಯಬೇಕು ಎಂದಷ್ಟೇ ಹೇಳಿದ. ಅಷ್ಟಕ್ಕೇ ಅವನು ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಎದ್ದು ನಿಂತು ನುಡಿದ. ತಪ್ಪನ್ನು ತಾನೇ ಒಪ್ಪಿಕೊಂಡವನು ಅಸಲಿನೊಡನೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಟ್ಟರೆ ಸಾಕೆಂದು ಬೈಬಲಿನ ಹಳೆಯ ಒಡಂಬಡಿಕೆಯ ಅರಣ್ಯಕಾಂಡವೆಂಬ ಪುಸ್ತಕದ 5ನೇ ಅಧ್ಯಾಯ ಹೇಳುವುದನ್ನು ನೆನೆದರೆ, ಅವನ ಮಾತಿನ ತೂಕ ತಿಳಿಯುತ್ತದೆ. ಅವನ ನಂಬಿಕೆ ಮೊದಲು ಮುಟ್ಟಿದ್ದು ಹಣದ ಚೀಲವನ್ನು, ಅದೂ ಯಾರ ಒತ್ತಾಯವೂ ಇಲ್ಲದೆ. ನನಗೆ ಈ ಪ್ರಸಂಗದಲ್ಲಿ ಅತ್ಯಂತ ಪ್ರಿಯವಾದುದು ಇದೇ.

ಎಡವುವುದರ ಬಗ್ಗೆ ತಾವು ಅಂಜಬೇಕಿಲ್ಲ. ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ಯೇಸುವನ್ನು ಅರಿಯೆನೆಂದು ಮೂರು ಬಾರಿ ಹೇಳಿದ ಶಿಷ್ಯ ಪೇತ್ರನನ್ನೇ, ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ, ನನ್ನನ್ನು ಪ್ರೀತಿಸುತ್ತೀಯಾ ಎಂದು ಯೇಸು ಮೂರು ಬಾರಿ ಕೇಳಿ, ತನ್ನ ಕುರಿಗಳನ್ನು ಮೇಯಿಸುವ ಹೊಣೆಯನ್ನು ಅವನಿಗೇ ಒಪ್ಪಿಸುತ್ತಾನೆ.