ಬಯಲಿನ ಸಂಗೀತೋತ್ಸವ: ಇಷ್ಟು ಬಗೆಯ ಕಲಾವಿದರು ಒಂದೇ ಪಟ್ಟಿಯಲ್ಲಿ ಏಕೆ?

ಬೇಸಿಗೆಯ ಬಯಲು ಸಂಗೀತೋತ್ಸವಗಳನ್ನು ಕುರಿತು ಓದುಗರು ಕೇಳಿದ ಕೆಲವು ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ದೊಡ್ಡ ಉತ್ಸವಗಳ ಕಲಾವಿದರ ಪಟ್ಟಿಯನ್ನು ನೋಡಿದಾಗಲೆಲ್ಲ ನನಗೆ ಗೊಂದಲವಾಗುತ್ತದೆ. ರಾಕ್, ಜಾನಪದ, ಜಾಝ್, ಹಿಪ್‌ಹಾಪ್, ಸಿತಾರ್ ವಾದನ ಎಲ್ಲವೂ ಒಂದೇ ಕಡೆ ಇರುತ್ತವೆ. ಎಲ್ಲರನ್ನೂ ಮೆಚ್ಚಿಸಿ ಟಿಕೆಟ್ ಮಾರುವುದಲ್ಲದೆ ಇದಕ್ಕೆ ಬೇರೆ ಉದ್ದೇಶವೇನಾದರೂ ಇದೆಯೇ?

ಉತ್ತರ: ಟಿಕೆಟ್ ಮಾರಾಟದ ಲೆಕ್ಕಾಚಾರ ಇದರಲ್ಲಿ ಇದ್ದೇ ಇದೆ. ಬಯಲಿನಲ್ಲಿ ವೇದಿಕೆ ಕಟ್ಟಿ, ವಿದ್ಯುತ್ತು, ನೀರು, ಭದ್ರತೆಗಳನ್ನು ಒದಗಿಸುವ ಖರ್ಚನ್ನು ಒಂದೇ ಪ್ರಕಾರದ ಸಂಗೀತದ ಅಭಿಮಾನಿಗಳಿಂದ ತುಂಬಿಸಿಕೊಳ್ಳುವುದು ಕಷ್ಟ. ಆದರೆ ಈ ಉತ್ಸವಗಳ ಚರಿತ್ರೆಯನ್ನು ಗಮನಿಸಿದರೆ, ವೈವಿಧ್ಯವೆಂಬುದು ವ್ಯಾಪಾರ ಬೆಳೆದ ಮೇಲೆ ಹುಟ್ಟಿದ ತಂತ್ರವಲ್ಲ, ಬಹುಮಟ್ಟಿಗೆ ಆರಂಭದಿಂದಲೇ ಅವುಗಳ ಜೊತೆಗಿದ್ದ ಗುಣ ಎಂಬುದು ತಿಳಿಯುತ್ತದೆ. ಅಮೆರಿಕದ ನ್ಯೂಪೋರ್ಟ್‌ನಲ್ಲಿ 1954ರಲ್ಲಿ ಆರಂಭವಾದ ಜಾಝ್ ಉತ್ಸವದಲ್ಲಿ, ನಾಲ್ಕೇ ವರ್ಷಗಳ ನಂತರ, ಜಾಝ್ ದಿಗ್ಗಜರ ನಡುವೆ ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರ್ರಿಯವರೂ ಕ್ರೈಸ್ತ ಭಕ್ತಿಗೀತೆಗಳ ಗಾಯಕಿ ಮಹೇಲಿಯಾ ಜಾಕ್ಸನ್ ಅವರೂ ಹಾಡಿದ್ದರು.

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 1967ರ ಜೂನ್ 16ರಿಂದ 18ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ನಡೆದ ಮಾಂಟೆರೇ ಪಾಪ್ ಉತ್ಸವ. ಅಮೆರಿಕದ ಕಪ್ಪುಜನರ ಭಾವಪ್ರಧಾನ ಗಾಯನವಾದ ಸೋಲ್ ಪ್ರಕಾರದ ಓಟಿಸ್ ರೆಡ್ಡಿಂಗ್, ಅದೇ ಜನರ ನೋವಿನ ಹಾಡುಗಳಾದ ಬ್ಲೂಸ್‌ನ ಆವೇಶದಲ್ಲಿ ಹಾಡುವ ಜಾನಿಸ್ ಜಾಪ್ಲಿನ್, ದಕ್ಷಿಣ ಆಫ್ರಿಕಾದ ಟ್ರಂಪೆಟ್ ವಾದಕ ಹ್ಯೂ ಮಸೆಕೆಲಾ ಅವರೆಲ್ಲ ಇದ್ದ ಆ ಪಟ್ಟಿಯಲ್ಲಿ ಪಂಡಿತ್ ರವಿಶಂಕರ್ ಅವರ ಹೆಸರೂ ಇತ್ತು. ಸಂಘಟಕರು ಅವರನ್ನು ಎರಡು ರಾಕ್ ತಂಡಗಳ ನಡುವಿನ ಅರ್ಧ ಗಂಟೆಯಲ್ಲಿ ತೂರಿಸಲಿಲ್ಲ. ಭಾನುವಾರದ ಇಡೀ ಮಧ್ಯಾಹ್ನವನ್ನು ಅವರಿಗೇ ಬಿಟ್ಟುಕೊಟ್ಟರು. ಅಲ್ಲಾ ರಖಾ ಅವರ ತಬಲಾ ಸಾಥಿಯೊಂದಿಗೆ ಅವರು ಆಲಾಪದಿಂದ ತೊಡಗಿ, ಅವಸರವಿಲ್ಲದೆ, ಗಂಟೆಗಟ್ಟಲೆ ನುಡಿಸಿದರು. ಆ ಸಂಗೀತದ ಪರಿಚಯವೇ ಇಲ್ಲದಿದ್ದ ಸಾವಿರಾರು ಯುವಕರು ಕೊನೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೇ ದಿನ ರಾತ್ರಿ ‘ದಿ ಹೂ’ ಎಂಬ ಬ್ರಿಟಿಷ್ ರಾಕ್ ತಂಡದವರು ತಮ್ಮ ವಾದ್ಯಗಳನ್ನು ಒಡೆದುಹಾಕಿದರು, ಜಿಮಿ ಹೆಂಡ್ರಿಕ್ಸ್ ತಮ್ಮ ಗಿಟಾರಿಗೆ ಬೆಂಕಿ ಹಚ್ಚಿದರು. ವಾದ್ಯವನ್ನು ಪೂಜ್ಯವೆಂದು ಭಾವಿಸುವ ಪರಂಪರೆಯ ರವಿಶಂಕರ್ ಅವರಿಗೆ ಅದು ಬಹಳ ನೋವು ತಂದಿತೆಂಬುದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಒಂದೇ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಆ ಕಲಾವಿದರು ಒಂದೇ ಬಗೆಯವರಾಗಲಿಲ್ಲ, ಆಗಬೇಕಾದ ಅಗತ್ಯವೂ ಇರಲಿಲ್ಲ. ಪ್ರತಿಯೊಂದು ಸಂಗೀತಕ್ಕೂ ಅದಕ್ಕೆ ತಕ್ಕ ಹೊತ್ತು ಮತ್ತು ಅವಧಿ ದೊರೆತರೆ ಮಾತ್ರ ವೈವಿಧ್ಯಕ್ಕೆ ಅರ್ಥ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1969ರಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವಕ್ಕೆ ಲೆಡ್ ಜೆಪ್ಪೆಲಿನ್, ಜೆಥ್ರೋ ಟಲ್ ಮುಂತಾದ ರಾಕ್ ತಂಡಗಳನ್ನು ಕರೆಸಿದಾಗ, ಆ ಸ್ಥಳಕ್ಕೆ ತಾಳಲಾರದಷ್ಟು ಜನ ಬಂದು ಬೇಲಿಗಳು ಮುರಿದವು. ಹೊಸ ಶ್ರೋತೃಗಳನ್ನು ಕರೆಯುವವರು ಅವರಿಗೆ ಬೇಕಾದ ಜಾಗವನ್ನೂ ವ್ಯವಸ್ಥೆಯನ್ನೂ ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಇನ್ನು 1982ರಲ್ಲಿ ಬ್ರಿಟಿಷ್ ರಾಕ್ ಗಾಯಕ ಪೀಟರ್ ಗೇಬ್ರಿಯಲ್ ಮತ್ತು ಗೆಳೆಯರು ಇಂಗ್ಲೆಂಡಿನ ಶೆಪ್ಟನ್ ಮ್ಯಾಲೆಟ್‌ನಲ್ಲಿ ವೋಮ್ಯಾಡ್ ಎಂಬ, ನಾನಾ ದೇಶಗಳ ಸಂಗೀತದ ಉತ್ಸವವನ್ನು ಮೊದಲ ಬಾರಿಗೆ ನಡೆಸಿದಾಗ, ಆಫ್ರಿಕಾದ ಬುರುಂಡಿ ದೇಶದ ಡೋಲು ವಾದಕರು ಬ್ರಿಟನ್ನಿನ ಎಕೋ ಅಂಡ್ ದಿ ಬನಿಮೆನ್ ತಂಡದೊಂದಿಗೆ ಒಂದೇ ವೇದಿಕೆಯಲ್ಲಿ ನುಡಿಸಿದರು. ಹಣದ ದೃಷ್ಟಿಯಿಂದ ಆ ಉತ್ಸವ ಭಾರೀ ನಷ್ಟ ಅನುಭವಿಸಿತು. ಅದರ ಸಾಲ ತೀರಿಸುವ ಸಲುವಾಗಿಯೇ ಗೇಬ್ರಿಯಲ್ ತಮ್ಮ ಹಳೆಯ ತಂಡವಾದ ಜೆನೆಸಿಸ್ ಜೊತೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಂದು ಕಾರ್ಯಕ್ರಮ ನೀಡಿದರು. ಟಿಕೆಟ್ ಮಾರುವುದಷ್ಟೇ ಉದ್ದೇಶವಾಗಿದ್ದರೆ ಅಂತಹ ಪಟ್ಟಿಯನ್ನು ಯಾರೂ ತಯಾರಿಸುತ್ತಿರಲಿಲ್ಲ.

ಪ್ರಶ್ನೆ: ಯಾರು ಮೊದಲು, ಯಾರು ಕೊನೆಗೆ ಎಂಬುದನ್ನು ಹೇಗೆ ನಿರ್ಧರಿಸುತ್ತಾರೆ? ಮಧ್ಯಾಹ್ನದ ಬಿಸಿಲಿನಲ್ಲಿ ಹಾಡುವುದು ಕಲಾವಿದರಿಗೆ ಅವಮಾನವಲ್ಲವೇ?

ಉತ್ತರ: ಹೆಚ್ಚು ಜನಪ್ರಿಯರಾದವರು ಕೊನೆಗೆ ಬರುತ್ತಾರೆ ಎಂಬುದು ಸಾಮಾನ್ಯ ನಿಯಮ. ಹೆಡ್‌ಲೈನರ್ ಎಂದು ಕರೆಯುವುದು ಇವರನ್ನೇ. ಪೋಸ್ಟರಿನಲ್ಲಿ ಯಾರ ಹೆಸರು ಎಷ್ಟು ದೊಡ್ಡ ಅಕ್ಷರದಲ್ಲಿ, ಯಾವ ಸಾಲಿನಲ್ಲಿ ಇರಬೇಕು ಎಂಬ ಬಗ್ಗೆ ಕಲಾವಿದರ ಪ್ರತಿನಿಧಿಗಳು ಸಂಘಟಕರೊಂದಿಗೆ ಚೌಕಾಶಿ ನಡೆಸುವುದೂ ಉಂಟು. ಆದರೆ ಜನಪ್ರಿಯತೆಯೊಂದೇ ಕಾರಣವಲ್ಲ. ಬಣ್ಣದ ಬೆಳಕು ಮತ್ತು ದೊಡ್ಡ ಪರದೆಗಳನ್ನು ನೆಚ್ಚಿಕೊಂಡ ತಂಡದ ಪ್ರದರ್ಶನ ಹಗಲಿನಲ್ಲಿ ಕಳೆಗುಂದುತ್ತದೆ. ಒಂದು ಗಿಟಾರು, ಒಂದು ಕಂಠ ಮಾತ್ರವಿರುವ ಗಾಯಕಿಗೆ ಅಂತಹ ತೊಂದರೆಯಿಲ್ಲ.

ವೇದಿಕೆಯ ಹಿಂದಿನ ಕೆಲಸವೂ ಕ್ರಮವನ್ನು ನಿರ್ಧರಿಸುತ್ತದೆ. ಒಂದು ತಂಡ ಮುಂದೆ ನುಡಿಸುತ್ತಿರುವಾಗಲೇ, ಹಿಂಬದಿಯಲ್ಲಿ ಚಕ್ರಗಳಿರುವ ಅಟ್ಟಣೆಯೊಂದರ ಮೇಲೆ ಮುಂದಿನ ತಂಡದ ಡ್ರಮ್ಮುಗಳನ್ನು ಜೋಡಿಸಿ, ಒಂದೊಂದಕ್ಕೂ ಮೈಕ್ ಕಟ್ಟಿ, ತಂತಿಗಳಿಗೆ ಸಂಖ್ಯೆ ಅಂಟಿಸಿ ಇಟ್ಟಿರುತ್ತಾರೆ. ಮೊದಲ ತಂಡ ಇಳಿದ ಕೂಡಲೇ ಆ ಅಟ್ಟಣೆಯನ್ನು ಮುಂದಕ್ಕೆ ತಳ್ಳಿ, ತಂತಿಗಳನ್ನು ಸಿಕ್ಕಿಸಿ, ಒಂದೊಂದು ಮೈಕಿನಲ್ಲೂ ಧ್ವನಿ ಬರುತ್ತಿದೆಯೇ ಎಂದಷ್ಟೇ ನೋಡುತ್ತಾರೆ. ಪೂರ್ಣ ಪ್ರಮಾಣದ ಸೌಂಡ್ ಚೆಕ್‌ಗೆ, ಅಂದರೆ ಎಲ್ಲ ವಾದ್ಯಗಳನ್ನೂ ನುಡಿಸಿ ಧ್ವನಿ ಹೊಂದಿಸುವುದಕ್ಕೆ, ಅಲ್ಲಿ ಬಿಡುವಿರುವುದಿಲ್ಲ. ಆದ್ದರಿಂದ ಹನ್ನೆರಡು ಜನ ವಾದಕರ ತಂಡವೊಂದರ ಬೆನ್ನಿಗೇ ಅಷ್ಟೇ ದೊಡ್ಡ ಇನ್ನೊಂದು ತಂಡವನ್ನು ಇಡಲು ಅನುಭವವುಳ್ಳ ಸಂಘಟಕರು ಹಿಂಜರಿಯುತ್ತಾರೆ. ನಡುವೆ ಒಬ್ಬರೋ ಇಬ್ಬರೋ ಇರುವ ಕಲಾವಿದರನ್ನು ಇಟ್ಟರೆ ಕೆಲಸಗಾರರಿಗೂ ಕೇಳುಗರ ಕಿವಿಗೂ ಬಿಡುವು ಸಿಗುತ್ತದೆ.

ಅವಮಾನದ ಪ್ರಶ್ನೆಗೆ ಬಂದರೆ, ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಭಾನುವಾರದ ಮಧ್ಯಾಹ್ನವನ್ನು ಹಿರಿಯ ಕಲಾವಿದರಿಗೆ ಗೌರವದಿಂದ ಮೀಸಲಿಡುತ್ತಾರೆ. 2014ರಲ್ಲಿ ಆ ಹೊತ್ತಿನಲ್ಲಿ ಹಾಡಿದ ಡಾಲಿ ಪಾರ್ಟನ್ ಅವರನ್ನು ಕೇಳಲು ನೆರೆದ ಜನಸಾಗರ ಯಾವ ರಾತ್ರಿಯ ಕಾರ್ಯಕ್ರಮಕ್ಕೂ ಕಡಿಮೆಯದಾಗಿರಲಿಲ್ಲ. ಕೊನೆಯ ಸ್ಥಾನವೇ ಶ್ರೇಷ್ಠವೆನ್ನುವಂತೆಯೂ ಇಲ್ಲ. ಅಮೆರಿಕದಲ್ಲಿ ನಡೆದ 1969ರ ವುಡ್‌ಸ್ಟಾಕ್ ಉತ್ಸವದ ವೇಳಾಪಟ್ಟಿ ಹಿಂದೆ ಬಿದ್ದು, ಕೊನೆಯವರಾದ ಹೆಂಡ್ರಿಕ್ಸ್ ವೇದಿಕೆಗೆ ಬರುವಾಗ ಸೋಮವಾರ ಬೆಳಗಾಗಿತ್ತು. ಆ ವೇಳೆಗೆ ಬಹುಪಾಲು ಜನ ಮನೆಯ ದಾರಿ ಹಿಡಿದಿದ್ದರು.

ಪ್ರಶ್ನೆ: ಸಿತಾರ್, ಕೊಳಲು, ಪಿಟೀಲುಗಳಂತಹ ವಾದ್ಯಗಳಿಗೆ ಬೇಸಿಗೆಯ ಬಯಲು ಒಗ್ಗುತ್ತದೆಯೇ?

ಉತ್ತರ: ಕಷ್ಟಪಟ್ಟು ಒಗ್ಗಿಸಿಕೊಳ್ಳಬೇಕಾಗುತ್ತದೆ. ಬಿಸಿಲಿಗೆ ಲೋಹದ ತಂತಿ ಹಿಗ್ಗಿ ಸಡಿಲವಾಗುವುದರಿಂದ ಅದರ ಶ್ರುತಿ ಇಳಿಯುತ್ತದೆ. ಕೊಳಲಿನದು ಇದಕ್ಕೆ ತದ್ವಿರುದ್ಧ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ, ಅದರೊಂದಿಗೆ ಕೊಳಲಿನ ಶ್ರುತಿಯೂ ಏರುತ್ತದೆ. ತಂತಿವಾದ್ಯ ಇಳಿಯುತ್ತಾ, ಗಾಳಿವಾದ್ಯ ಏರುತ್ತಾ ಹೋಗುವ ಇಂತಹ ವೇದಿಕೆಯಲ್ಲಿ, ತೇವವಿದ್ದರೆ ಚರ್ಮವಾದ್ಯವೂ ಸಡಿಲಗೊಂಡು, ಮೂರನ್ನೂ ಒಂದೇ ಶ್ರುತಿಯಲ್ಲಿ ನಿಲ್ಲಿಸುವುದು ಕಲಾವಿದರ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಆದ್ದರಿಂದ ವಾದ್ಯಗಳನ್ನು ಕಾರ್ಯಕ್ರಮಕ್ಕೆ ಮುಂಚೆಯೇ ನೆರಳಿಗೆ ತಂದು, ವೇದಿಕೆಯ ಹವೆಗೆ ಹೊಂದಿಕೊಳ್ಳಲು ಬಿಟ್ಟು, ಆಮೇಲೆ ಶ್ರುತಿ ಮಾಡುತ್ತಾರೆ.

ದೂರ ಕುಳಿತವರಿಗೂ ಸೂಕ್ಷ್ಮ ಸ್ವರಗಳು ಕೇಳಿಸಲೆಂದು ಮೈದಾನದ ನಡುವೆ ಧ್ವನಿವರ್ಧಕಗಳ ಗೋಪುರಗಳನ್ನು ನಿಲ್ಲಿಸಿರುತ್ತಾರೆ. ವೇದಿಕೆಯ ಶಬ್ದ ನೂರು ಮೀಟರ್ ಸಾಗಲು ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ತುಸು ಕಡಿಮೆ ಸಮಯ ತೆಗೆದುಕೊಳ್ಳುವುದರಿಂದ, ಅಲ್ಲಿರುವ ಗೋಪುರದ ಧ್ವನಿಯನ್ನೂ ಅಷ್ಟೇ ಹೊತ್ತು ತಡೆದು ಹೊರಡಿಸಬೇಕು. ಹಾಗೆ ಮಾಡದಿದ್ದರೆ ತಬಲಾದ ಒಂದೊಂದು ಪೆಟ್ಟೂ ಎರಡೆರಡು ಸಲ ಕೇಳಿಸಿ ಲಯವೇ ಕೆಟ್ಟುಹೋಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ವೈವಿಧ್ಯದ ಮಾತಾಡುವ ಉತ್ಸವಗಳಲ್ಲಿ ಮಹಿಳೆಯರಿಗೆ ಎಷ್ಟು ಅವಕಾಶವಿದೆ?

ಉತ್ತರ: ಬಹುಕಾಲ ತೀರಾ ಕಡಿಮೆ ಇತ್ತು, ಮುಖ್ಯ ಕಲಾವಿದರ ಸಾಲಿನಲ್ಲಂತೂ ಇನ್ನೂ ಕಡಿಮೆ. ಬಾರ್ಸಿಲೋನಾದ ಪ್ರಿಮವೆರಾ ಸೌಂಡ್ ಉತ್ಸವ 2019ರಲ್ಲಿ ತನ್ನ ಪಟ್ಟಿಯ ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ನೀಡಿತು. ತಕ್ಕ ಕಲಾವಿದೆಯರು ಸಿಗುವುದಿಲ್ಲ ಎಂಬ ಸಂಘಟಕರ ಸಮರ್ಥನೆಯನ್ನು ಅದಾದ ಮೇಲೆ ಒಪ್ಪಲು ಸಾಧ್ಯವಿಲ್ಲ.

ಪ್ರಶ್ನೆ: ಏಕಕಾಲಕ್ಕೆ ನಾಲ್ಕೈದು ವೇದಿಕೆಗಳಲ್ಲಿ ಕಾರ್ಯಕ್ರಮಗಳು ನಡೆಯುವಾಗ ಸಾಮಾನ್ಯ ಕೇಳುಗರು ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ಎಲ್ಲವನ್ನೂ ಕೇಳುವ ಆಸೆಯನ್ನು ಮೊದಲೇ ಬಿಟ್ಟುಬಿಡಿ. ನಿಮಗೆ ತೀರಾ ಬೇಕೆನಿಸಿದ ಇಬ್ಬರು ಮೂವರನ್ನು ಗುರುತಿಸಿಕೊಂಡು, ಉಳಿದ ಹೊತ್ತನ್ನು ಪೋಸ್ಟರಿನ ಕೆಳಗಿನ ಸಾಲುಗಳಲ್ಲಿ ಸಣ್ಣ ಅಕ್ಷರಗಳಲ್ಲಿರುವವರಿಗೆ ಕೊಡಿ. ಮುಖ್ಯ ಕಲಾವಿದರ ಸಂಗೀತ ಬೇರೆಡೆಯೂ ನಿಮಗೆ ದೊರೆಯುತ್ತದೆ, ಹೆಸರೇ ಕೇಳಿರದ ದೂರದೇಶದ ವಾದಕರನ್ನು ಹತ್ತಿರದಿಂದ ಕೇಳುವ ಅವಕಾಶ ಮತ್ತೆ ಒದಗದೇ ಹೋಗಬಹುದು. ಹಾಗೆ ಕೇಳಲು ಕುಳಿತಾಗ ಮೊದಲ ಕೃತಿ ಹಿಡಿಸದಿದ್ದರೂ ಎರಡನೆಯದು ಮುಗಿಯುವವರೆಗೆ ಏಳಬೇಡಿ. ಅಪರಿಚಿತ ಲಯಕ್ಕೆ ಕಿವಿ ಒಗ್ಗಲು ಅಷ್ಟು ಹೊತ್ತಾದರೂ ಬೇಕು.