ಪ್ರಶ್ನೆ ನಿಮ್ಮದು: ವಚನ ಓದುವ ಕೂಟ ಪ್ರವಚನವಾಗದಿರಲು

ಪ್ರಶ್ನೆ: ನಮ್ಮ ಬಳಗದಲ್ಲಿ ಭಾನುವಾರದ ಪ್ರಾರ್ಥನೆ ಆದಮೇಲೆ ದೊಡ್ಡವರಿಗಾಗಿ ವಚನಗಳ ಓದು, ಚರ್ಚೆ ಶುರು ಮಾಡಿದೆವು. ಮೊದಲ ವಾರ 30 ಜನ, ನಾಲ್ಕನೆಯ ವಾರ 6 ಜನ. ಪುಸ್ತಕ ಓದಿಕೊಂಡು ಬರುವವರು ಇಬ್ಬರೇ. ಹಿರಿಯರೊಬ್ಬರು ಮುಕ್ಕಾಲು ಗಂಟೆ ಮಾತಾಡುತ್ತಾರೆ, ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.
(ಓದುಗರು, ಪಿಂಪ್ರಿ-ಚಿಂಚ್‌ವಡ, ಪುಣೆ)

ಉತ್ತರ: ತೊಂದರೆ ಶುರುವಾದದ್ದೇ ಆ 30 ಜನರಿಂದ. ಅಷ್ಟು ಮಂದಿ ಕೂತಲ್ಲಿ ಒಬ್ಬರು ಹೇಳುವವರು, ಉಳಿದವರು ಕೇಳುವವರು ಆಗಿಬಿಡುತ್ತಾರೆ. ಒಂದು ಗುಂಪಿಗೆ 8ರಿಂದ 12 ಜನ ಸಾಕು, ಹೆಚ್ಚಾದರೆ ಇನ್ನೊಂದು ಜಮಖಾನ ಹಾಸಿ. ವೇದಿಕೆ, ಮೈಕು ಎರಡೂ ಬೇಡ. ಮೈಕು ಇದ್ದರೆ ಹಿಡಿಯುವ ಕೈ ಇದ್ದೇ ಇರುತ್ತದೆ.

ಓದಿಕೊಂಡು ಬರಲಿ ಎಂಬ ಆಸೆ ಬಿಡಿ. ಶಿಫ್ಟ್ ಮುಗಿಸಿ ಬರುವವರು ಓದುವುದಿಲ್ಲ, ಓದಿಲ್ಲವೆಂಬ ನಾಚಿಕೆಗೆ ಮುಂದಿನ ವಾರ ಬರುವುದೂ ಇಲ್ಲ. ಕೂತಲ್ಲೇ ಓದಿ. 90 ನಿಮಿಷಕ್ಕೆ ಎರಡು ವಚನ, ಬಹಳವೆಂದರೆ ಮೂರು. ಎ4 ಹಾಳೆಯಲ್ಲಿ 16 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಬರೆಯಲು ಜಾಗ. ಭಾವಾರ್ಥ ಅಚ್ಚು ಮಾಡಲೇಬೇಡಿ. ಅದು ಕಣ್ಣಿಗೆ ಬಿದ್ದಮೇಲೆ ವಚನವನ್ನು ಯಾರೂ ನೋಡುವುದಿಲ್ಲ. ಇಬ್ಬರು ಒಬ್ಬರಾದಮೇಲೊಬ್ಬರು ಗಟ್ಟಿಯಾಗಿ ಓದಲಿ. ಆಮೇಲೆ ಮೂರು ನಿಮಿಷ ಮೌನ, ತಡೆದು ನಿಲ್ಲಿಸಿದ ಪದಕ್ಕೆ ಗೆರೆ. ಆ ಪದವನ್ನಷ್ಟೇ ಎಲ್ಲರೂ ಸರದಿಯಂತೆ ಹೇಳಲಿ. ಒಂದು ಸಲ ಬಾಯಿ ಬಿಟ್ಟವರು ಮತ್ತೆ ಬಿಡುತ್ತಾರೆ.

ಇನ್ನು ಪ್ರಶ್ನೆಗಳು, ಕೂಟದ ಜೀವ ಇರುವುದೇ ಇಲ್ಲಿ. ‘ಉಳ್ಳವರು ಶಿವಾಲಯ ಮಾಡುವರು’ ತೆಗೆದುಕೊಳ್ಳಿ. ಇದರ ಸಂದೇಶವೇನು ಎಂದು ಕೇಳಿದಿರೋ, ಕಾಯವೇ ದೇವಾಲಯ ಎಂಬ ಶಾಲೆಯ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಪದ ಹಿಡಿದು ಕೇಳಿ. ಬಸವಣ್ಣ ಕಾಲನ್ನು ಕಂಬ ಎಂದರು. ಕಂಬ ನಿಲ್ಲುವಂಥದ್ದು, ಕಾಲು ನಡೆಯುವಂಥದ್ದು, ಎರಡೂ ಹೇಗೆ ಒಂದಾದವು? ದೇಹವೂ ಅಳಿಯುವುದೇ ಅಲ್ಲವೇ, ಹಾಗಾದರೆ ಕೊನೆಯಲ್ಲಿ ‘ಜಂಗಮಕ್ಕಳಿವಿಲ್ಲ’ (ಚಲಿಸುವುದಕ್ಕೆ ಅಳಿವಿಲ್ಲ) ಎಂದದ್ದು ಯಾವುದಕ್ಕೆ? ಇಂಥ ಒಂದು ಪ್ರಶ್ನೆಗೆ ಅರ್ಧ ಗಂಟೆ ಸಾಲದು. ನಿಮ್ಮ ಬಳಗ ಭವನಕ್ಕೆ ಚಂದಾ ಎತ್ತುತ್ತಿದ್ದರೆ ಆ ಮಾತೂ ಬಂದೇ ಬರುತ್ತದೆ. ಬರಲಿ, ಆದರೆ ಕೊನೆಗೆ. ಮೊದಲೇ ಎತ್ತಿದರೆ ಕೂಟ ಸಮಿತಿಯ ಲೆಕ್ಕಪತ್ರದ ಸಭೆಯಾಗುತ್ತದೆ.

ಹಿರಿಯರಿಗೆ ಕೆಲಸ ಕೊಡಿ: ಹಳಗನ್ನಡದ ಪದ, ಷಟ್‌ಸ್ಥಲದಂಥ (ಶರಣರು ಹೇಳುವ ಸಾಧನೆಯ ಆರು ಹಂತ) ಪರಿಭಾಷೆ ಬಂದಾಗ ‘ನೀವು ಹೇಳಿ’ ಎಂದು ಅವರತ್ತ ತಿರುಗಿ. ಉಳಿದಂತೆ ಎಲ್ಲರಿಗೂ ಒಂದೇ ಕಟ್ಟಳೆ, ಎಲ್ಲರ ಸರದಿ ಮುಗಿಯುವ ತನಕ ಯಾರಿಗೂ ಎರಡನೆಯ ಸರದಿ ಇಲ್ಲ. ನಡೆಸುವವರು ಪ್ರತಿ ಸಲ ಬದಲಾಗಲಿ, ಅವರು ಕೇಳಲಿ, ಉತ್ತರ ಹೇಳದಿರಲಿ. ಚಹಾ ಕೊನೆಯಲ್ಲಿ, ನಡುವೆ ಕೊಟ್ಟರೆ ಅರ್ಧ ಜನ ಚಪ್ಪಲಿ ಹುಡುಕುತ್ತಾರೆ.

ಹದಿನೈದು ದಿನಕ್ಕೊಮ್ಮೆ, ಒಟ್ಟು 6 ಕೂಟ ಎಂದು ಮೊದಲೇ ಸಾರಿ. ಕೊನೆ ಗೊತ್ತಿದ್ದರೆ ಜನ ತಪ್ಪಿಸುವುದಿಲ್ಲ. ಗಣಪತಿಯ ದಿನಗಳು ಬೇಡ, ಪಂಢರಪುರಕ್ಕೆ ಹೊರಟ ಆಳಂದಿ-ದೇಹುವಿನ ಪಾಲಖಿ (ಪಲ್ಲಕ್ಕಿ ಯಾತ್ರೆ) ಪುಣೆಯಲ್ಲಿ ತಂಗುವ ದಿನಗಳೂ ಬೇಡ, ರಸ್ತೆಗಳೇ ಬಂದ್.

ಪ್ರಶ್ನೆ: ನಮ್ಮ ಮಕ್ಕಳು, ಸೊಸೆಯಂದಿರು ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಮರಾಠಿ ಲಿಪಿಯಲ್ಲಿ ಬರೆದುಕೊಡಬಹುದೇ?
(ಓದುಗರು, ಡೊಂಬಿವಲಿ)

ಉತ್ತರ: ಕೊಡಿ, ಆದರೆ ಎರಡು ಕಡೆ ಎಡವುತ್ತಾರೆ. ಮರಾಠಿಯಲ್ಲಿ ಎ-ಏ, ಒ-ಓ ಬೇರೆಬೇರೆ ಬರೆಯುವುದಿಲ್ಲ. ಬೆಳೆಯೂ ಬೇಳೆಯೂ ಒಂದೇ, ಒಲೆಯೂ ಓಲೆಯೂ ಒಂದೇ. ಕಂಪ್ಯೂಟರಿನ ದೇವನಾಗರಿಯಲ್ಲಿ ಹ್ರಸ್ವಕ್ಕೆ ಬೇರೆ ಚಿಹ್ನೆ ಇದೆ, ಮರಾಠಿ ಓದುವ ಕಣ್ಣಿಗೆ ಅದು ಅಪರಿಚಿತ. ದೀರ್ಘ ಬಂದಲ್ಲಿ ಅಕ್ಷರದ ಕೆಳಗೆ ಗೆರೆ ಎಳೆಯುವುದೇ ಸುಲಭ. ಎರಡನೆಯದು ಪದದ ಕೊನೆಯ ‘ಅ’. ಮರಾಠಿ ರೂಢಿಯಲ್ಲಿ ಅದು ಬಿದ್ದುಹೋಗಿ ‘ಕಂಬ’ ‘ಕಂಬ್’ ಆಗುತ್ತದೆ, ವಚನದ ಲಯವೂ ಹೋಗುತ್ತದೆ. ಆದ್ದರಿಂದ ಗಟ್ಟಿಯಾಗಿ ಓದಿ ಫೋನಿನಲ್ಲಿ ಧ್ವನಿಮುದ್ರಿಸಿ ಹಾಳೆಯ ಜೊತೆ ಕಳಿಸಿ. ‘ಳ’ದ ಚಿಂತೆ ಬೇಡ, ಅದು ಮರಾಠಿಯಲ್ಲೂ ಇದೆ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಬರುವ ವಚನಗಳನ್ನು ಕೂಟದಲ್ಲಿ ಓದಬಹುದೇ?
(ಓದುಗರು, ಮುಲುಂಡ್, ಮುಂಬೈ)

ಉತ್ತರ: ಪರೀಕ್ಷಿಸದೆ ಬೇಡ. ಕೊನೆಯಲ್ಲಿ ‘ಕೂಡಲಸಂಗಮದೇವ’ ಇದ್ದಮಾತ್ರಕ್ಕೆ ಬಸವಣ್ಣನದಾಗದು; ಅಂಕಿತ ಯಾರು ಬೇಕಾದರೂ ಅಂಟಿಸಬಹುದು. ಕರ್ನಾಟಕ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಂಪುಟ ನೋಡಿ, ಇಲ್ಲವೇ ‘ವಚನ ಸಂಚಯ’ ಜಾಲತಾಣದಲ್ಲಿ ಹುಡುಕಿ. ಇಡೀ ಸಾಲು ಹಾಕಿದರೆ ಸಿಗದೆ ಹೋಗಬಹುದು, ಏಕೆಂದರೆ ಸಿರ-ಶಿರ, ಕಳಸ-ಕಳಶ ಎಂದು ಪಾಠಗಳು ಬೇರೆಯಾಗುತ್ತವೆ. ಅಪರೂಪದ ಒಂದೇ ಪದ ಹಾಕಿ. ಎಲ್ಲೂ ಸಿಗದಿದ್ದರೆ ಹಾಳೆಯಲ್ಲಿ ಸೇರಿಸಬೇಡಿ, ಎಷ್ಟೇ ಚೆನ್ನಾಗಿದ್ದರೂ.